ಮಾಳಿಗೆ ಶಾಲೆಯ ಕರಿಹಲಗೆ

ನವೆಂಬರ್ 3, ಸೋಮವಾರ

ದಿನಚರಿ ಬರೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸ್ವಲ್ಪ ಅನುಮಾನ. ಬಾಯಿ ಇರುವವನಿಗೆ ಪುಸ್ತಕ ಯಾಕೆ? ಆದರೆ ನಿನ್ನೆಯಿಂದ ನನ್ನ ಬಾಯಿಯೇ ನನ್ನ ಮಾತು ಕೇಳುತ್ತಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ನಿನ್ನೆ ಠಾಣೆಯಲ್ಲಿ ನಮ್ಮ ಕನ್ನಡ ಮಂಡಳಿಯ ರಾಜ್ಯೋತ್ಸವ. ಪ್ರತಿವರ್ಷದಂತೆ ಕೊನೆಗೆ ನನ್ನ ಕಥೆ. ಐವತ್ತು ವರ್ಷದ ಹಿಂದೆ, ಕಾರ್ಖಾನೆಗಳ ವಾಗ್ಳೆ ಎಸ್ಟೇಟಿನಲ್ಲಿ ಒಂದು ಮಳೆಯ ರಾತ್ರಿ. ಹೋಟೆಲ್ ಮುಚ್ಚುತ್ತಿದ್ದ ರಮಾಕಾಂತರಾಯರಿಗೆ ಬೀದಿದೀಪದ ಕೆಳಗೆ ಒಬ್ಬ ಕಾರ್ಮಿಕ ಅಳುತ್ತಿರುವುದು ಕಾಣುತ್ತದೆ. ಊರಿನಿಂದ ಬಂದ ಕಾಗದ ಕೈಯಲ್ಲಿದೆ, ಓದಲು ಬಾರದು. ರಾಯರ ಕರುಳು ಕರಗಿತು. ಹೋಟೆಲಿನ ಮಾಳಿಗೆಯ ಬಾಗಿಲು ತೆರೆದರು, ಲಾಂದ್ರ ಹಚ್ಚಿದರು, ಕರಿಹಲಗೆಯ ಮೇಲೆ ಕೈಯಾರೆ ಕನ್ನಡದ ‘ಅ’ ಬರೆದರು. ಆ ಮಾಳಿಗೆ ಶಾಲೆಯೇ ಬೆಳೆದು ನಮ್ಮ ಮಂಡಳಿಯಾಯಿತು. “ಆ ಲಾಂದ್ರ ಇಂದಿಗೂ ಆರಿಲ್ಲ” ಎಂಬಲ್ಲಿ ನಾನು ದನಿ ಇಳಿಸುತ್ತೇನೆ. ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಳ್ಳುತ್ತಾರೆ. ನಿನ್ನೆ ಇಳಿಸಿದ ದನಿ ಮತ್ತೆ ಏರಲೇ ಇಲ್ಲ.

ನಾನು ಠಾಣೆಗೆ ಬಂದದ್ದು ಎಂಬತ್ತೊಂದರಲ್ಲಿ. ಕಥೆ ಅದಕ್ಕೂ ಹಳೆಯದು. ಅಲ್ಲೊಂದು ಇಲ್ಲೊಂದು ಚೂರು ಕೇಳಿ, ಕೂಡಿಸಿ, ಒಪ್ಪ ಮಾಡಿದವನು ನಾನು. ಡಿಸೆಂಬರ್ 21ಕ್ಕೆ ಮಂಡಳಿಯ ಸುವರ್ಣ ಮಹೋತ್ಸವ. ಅವತ್ತು ಈ ಕಥೆಯನ್ನು ಇದುವರೆಗೆ ಹೇಳದ ಹಾಗೆ ಹೇಳಬೇಕು. ಗಂಟಲಿನ ಬಗ್ಗೆ ಚಿಂತೆಯಿಲ್ಲ, ಶುಂಠಿ ಕಷಾಯ ಕುಡಿದರೆ ಸರಿಹೋಗುತ್ತದೆ.

ಇನ್ನೊಂದು ಸಂಗತಿ. ಐರೋಲಿಯ ಒಂದು ಕಾಲೇಜಿನಲ್ಲಿ ಪತ್ರಾಗಾರ ತೆರೆದಿದ್ದಾರೆ. ಊರು ಬಿಟ್ಟು ಈ ಕಡೆ ದುಡಿಯಲು ಬಂದವರ ಮಾತು, ಫೋಟೋ ಎಲ್ಲ ಕೂಡಿಡುತ್ತಾರಂತೆ. ಅಲ್ಲಿ ಸಂಶೋಧನೆ ಮಾಡುವ ಸುಮೇಧಾ ಎಂಬ ಹುಡುಗಿ ಮಾಳಿಗೆ ಶಾಲೆಯನ್ನು ಕಣ್ಣಾರೆ ಕಂಡವರ ಮಾತನ್ನು ಧ್ವನಿಮುದ್ರಿಸಿ ಕೊಡಲು ಕೇಳಿದ್ದಳು. ಐದು ಜನರದ್ದು ಮಾಡಿ ಕಳಿಸಿದ್ದೇನೆ. ಐವರೂ ಒಂದಕ್ಷರ ತಪ್ಪದೆ ಹೇಳಿದ್ದಾರೆ. ಇಂಥ ಸಾಕ್ಷಿ ಯಾವ ಸಂಶೋಧಕರಿಗೂ ಸಿಕ್ಕಿರಲಾರದು.

ನವೆಂಬರ್ 6, ಗುರುವಾರ

ಸುಮೇಧಾ ಐರೋಲಿಗೆ ಕರೆಸಿದ್ದಳು. ಧಾರವಾಡ ಕಡೆಯವರ ಮಗಳು, ಹುಟ್ಟಿ ಬೆಳೆದದ್ದೆಲ್ಲ ಕಲ್ಯಾಣದಲ್ಲಿ. ಚಹಾ ಕೊಟ್ಟು, “ಸರ್, ಐದೂ ಕೇಳಿದೆ. ಏಕದಮ್ ಪರ್ಫೆಕ್ಟ್ ಆಗಿವೆ” ಎಂದಳು.

“ಆಗಿರಲೇಬೇಕಲ್ಲ” ಎಂದೆ, ಒಡಕು ದನಿಯಲ್ಲಿ.

“ಅದೇ ಪ್ರಾಬ್ಲೆಮ್ ಸರ್.”

ಐವರೂ ‘ಕರುಳು ಕರಗಿತು’ ಎಂದಿದ್ದಾರಂತೆ. ಐವರೂ ‘ಆ ಲಾಂದ್ರ ಇಂದಿಗೂ ಆರಿಲ್ಲ’ ಎಂದಿದ್ದಾರಂತೆ. “ಬಾದಾಮಿ ಕಡೆಯ ಈರವ್ವ ಮನೆಯಲ್ಲಿ ಹೀಗೆ ಮಾತಾಡ್ತಾರಾ ಸರ್? ಇದು ಐದು ಜನರ ಮಾತಲ್ಲ. ನೀವೇ ಐದು ಸಲ ಹೇಳಿದ ಹಾಗಿದೆ.”

“ಐದು ಸಾಕ್ಷಿ ಒಂದೇ ಮಾತು ಹೇಳಿದರೆ ಕೋರ್ಟಿಗೆ ಸಂತೋಷ” ಎಂದೆ.

“ಯಾರೋ ಹೇಳಿಕೊಟ್ಟಿದ್ದಾರೆ ಅಂತ ಡೌಟೂ ಬರುತ್ತೆ.”

ಆಮೇಲೆ ಈರವ್ವನ ಧ್ವನಿಮುದ್ರಿಕೆ ಹಾಕಿದಳು. ಮೊದಲು ಕೇಳಿಸಿದ್ದೇ ನನ್ನ ಹೂಂ. ಕಾರ್ಕಳದ ಹತ್ತಿರದ ನಮ್ಮ ಹಳ್ಳಿಯಲ್ಲಿ ಹೂಂಗುಟ್ಟಲು ಒಬ್ಬ ಇಲ್ಲದಿದ್ದರೆ ಅಜ್ಜಿ ಕಥೆಯನ್ನೇ ಎತ್ತುತ್ತಿರಲಿಲ್ಲ. ಆ ಕೆಲಸ ನನ್ನದಾಗಿತ್ತು. ಹೂಂ ಎಂದರೆ ಸುಮ್ಮನೆ ಹೂಂ ಅಲ್ಲ. ಎಳೆದು ಅಂದರೆ ಕಥೆ ಹಿಗ್ಗುತ್ತದೆ, ಚಿಕ್ಕದಾಗಿ ಅಂದರೆ ಮುಂದಕ್ಕೆ ಓಡುತ್ತದೆ. ಹೂಂಗುಟ್ಟುವವನೇ ಬಂಡಿಯ ಹಗ್ಗ ಹಿಡಿದವನು. ಈ ವಿದ್ಯೆ ಈಗಿನವರಿಗೆ ಎಲ್ಲಿಂದ ಬರಬೇಕು?

ಆದರೆ ಸುಮೇಧಾ ಒಂದು ಕಡೆ ನಿಲ್ಲಿಸಿದಳು. ಅಲ್ಲಿ ಈರವ್ವ ಹೇಳುತ್ತಾಳೆ: “ಮೊದ್ಲಿಗೆ ಅದು ಕನ್ನಡದ್ದ ಸಾಲಿ ಅಲ್ರಿ…” ತಕ್ಷಣ ನನ್ನ ದನಿ: “ಹೂಂ ಹೂಂ, ಲಾಂದ್ರ ಹಚ್ಚಿದರು.” ಈರವ್ವ ತನ್ನ ಮಾತು ಬಿಟ್ಟು, “ಹೌದ್ರಿ ಅಣ್ಣಾರ, ಲಾಂದ್ರ ಹಚ್ಚಿದ್ರು” ಎನ್ನುತ್ತಾಳೆ.

“ಏನು ಹೇಳೋಕೆ ಹೊರಟಿದ್ರು ಸರ್ ಅವರು?”

ಅವಳು ದಾರಿ ತಪ್ಪುತ್ತಿದ್ದಳು, ನಾನು ಸರಿದಾರಿಗೆ ತಂದೆ ಎಂದೆ. ಸುಮೇಧಾ ಕಂಪ್ಯೂಟರಿನಲ್ಲಿ ಒಂದು ಫೋಟೋ ತೆಗೆದು ತೋರಿಸಿದಳು. ನಮ್ಮ ಮಂಡಳಿಯ ಗೋಡೆಯ ಮೇಲಿರುವ ಅದೇ ಚಿತ್ರ, ಮಾಳಿಗೆಯಲ್ಲಿ ಸಾಲಾಗಿ ಕೂತ ಹೆಂಗಸರು. ಆದರೆ ನಮ್ಮದು ಚೌಕಟ್ಟಿಗೆ ಹೊಂದಲೆಂದು ಕತ್ತರಿಸಿದ್ದು. ಠಾಣೆಯ ಹಳೆಯ ಸ್ಟುಡಿಯೋ ಒಂದು ಮುಚ್ಚುವಾಗ ನೆಗೆಟಿವುಗಳನ್ನೆಲ್ಲ ಇವರಿಗೆ ಕೊಟ್ಟಿತ್ತಂತೆ. ಅದರಲ್ಲಿ ಚಿತ್ರ ಇಡಿಯಾಗಿದೆ. ಮೇಲ್ಗಡೆ ಕರಿಹಲಗೆ. ಹಲಗೆಯ ಮೇಲೆ ಕನ್ನಡದ ‘ಅ’ ಇಲ್ಲ. ಬಾಳಬೋಧ ಲಿಪಿಯಲ್ಲಿ, ಮರಾಠಿಯವರು ಬರೆಯುತ್ತಾರಲ್ಲ ಹಾಗೆ, ನಾಲ್ಕು ಊರಿನ ಹೆಸರು: ಠಾಣೆ, ಮುಲುಂಡ, ಭಿವಂಡಿ, ಕಳವಾ. ಕಿಟಕಿಯಿಂದ ಬಿಸಿಲು ಬಿದ್ದಿದೆ. ಮೂಲೆಯಲ್ಲಿ ಗೋಣಿ ಮೂಟೆಗಳಿವೆ.

“ಭೂಗೋಳದ ಪಾಠ” ಎಂದೆ.

“ಒಂದೇ ಒಂದು ಕೆಲಸ ಮಾಡೋಣ ಸರ್. ಮತ್ತೆ ಕೇಳೋಣ. ಈ ಸಲ ನೀವು ಮಾತಾಡಬಾರದು.”

ಮಾತಾಡದೆ ಕಥೆ ಕೇಳುವುದು, ಉಪ್ಪು ಹಾಕದೆ ಅಡುಗೆ ಮಾಡುವುದು, ಎರಡೂ ಒಂದೇ. ಆದರೂ ಒಪ್ಪಿದೆ. ಲಾಂದ್ರದ ಕಥೆ ಗಟ್ಟಿಯಾಗಿದೆ. ನಾನು ಬಾಯಿ ಮುಚ್ಚಿದರೂ ಅದು ನಿಲ್ಲುತ್ತದೆ.

ನವೆಂಬರ್ 8, ಶನಿವಾರ

ಗಂಟಲಿನ ಡಾಕ್ಟರು ನಳಿಕೆ ಇಳಿಸಿ ನೋಡಿದರು. ದನಿಯ ಹುರಿಯ ಮೇಲೆ ಗಂಟು. ಮೂರು ವಾರ ಮಾತು ಬಂದ್. ಪಿಸುಮಾತೂ ಇಲ್ಲ, ಹೂಂ ಕೂಡ ಇಲ್ಲ. ಮಾತಾಡಿದರೆ 21ಕ್ಕೆ ಕಥೆಯ ಆಸೆ ಬಿಡಬೇಕಂತೆ.

ವಸಂತಿ ಒಂದು ಮಕ್ಕಳ ಸ್ಲೇಟು ತಂದುಕೊಟ್ಟಳು. “ಮದುವೆಯಾದ ಮೇಲೆ ಮೊದಲ ಸಲ ನನ್ನ ಒಂದು ಮಾತು ಪೂರ್ತಿ ಆಗ್ತಾ ಉಂಟು” ಎಂದು ನಗುತ್ತಾ ಒಳಗೆ ಹೋದಳು. ಹೆಂಡತಿಯರಿಗೆ ದೇವರು ಎಲ್ಲಿಂದೆಲ್ಲ ಸುಖ ಕೊಡುತ್ತಾನೆ!

ನವೆಂಬರ್ 12, ಬುಧವಾರ

ಮಾಜಿವಾಡಾದಲ್ಲಿ ರಮಾಕಾಂತರಾಯರ ಮಗನ ಫ್ಲಾಟು. ರಾಯರಿಗೆ ಈಗ ಎಂಬತ್ತೈದು ದಾಟಿದೆ, ಗಾಲಿಕುರ್ಚಿ. ನನ್ನ ಸ್ಲೇಟು ನೋಡಿ, “ಎಂತ ಮಾರಾಯ ಚೆನ್ನಯ, ನಿನ್ನ ಬಾಯಿಗೂ ರಜೆ ಉಂಟಾ?” ಎಂದು ಹೊಟ್ಟೆ ಹಿಡಿದು ನಕ್ಕರು.

ಸುಮೇಧಾ ನನ್ನನ್ನು ಅವರ ಹಿಂದೆ ಕೂರಿಸಿದಳು, ಅವರಿಗೆ ನನ್ನ ಮುಖ ಕಾಣದ ಹಾಗೆ. ಆಮೇಲೆ ಒಂದೇ ಪ್ರಶ್ನೆ ಕೇಳಿದಳು: “ಅಜ್ಜ, ಆ ಮಾಳಿಗೆ ಮೊದಲು ಹೇಗಿತ್ತು?” ಕೇಳಿ ಸುಮ್ಮನೆ ಕೂತಳು. ರಾಯರೂ ಸುಮ್ಮನೆ. ನಾನಾಗಿದ್ದರೆ ಅಷ್ಟರಲ್ಲಿ ಮಳೆ ಸುರಿಸಿ ಲಾಂದ್ರ ಹಚ್ಚಿಬಿಡುತ್ತಿದ್ದೆ.

“ಹೇಗಿತ್ತು ಅಂದ್ರೆ, ಬಟಾಟೆ ಗೋದಾಮು” ಎಂದರು ಕೊನೆಗೆ. “ಮೂಟೆ ಮೂಟೆ ಬಟಾಟೆ. ನೀರುಳ್ಳಿ. ಕಾಲಿಡ್ಲಿಕ್ಕೆ ಜಾಗ ಇಲ್ಲ.”

“ಆ ರಾತ್ರಿ ಲಾಂದ್ರ…”

“ಯಾವ ಲಾಂದ್ರ? ನಮ್ಮಲ್ಲಿ ಟ್ಯೂಬ್‌ಲೈಟ್ ಇತ್ತು. ವಾಗ್ಳೆ ಎಸ್ಟೇಟ್ ಅಂದ್ರೆ ಫ್ಯಾಕ್ಟರಿ ಏರಿಯಾ ಮಾರಾಯ್ತಿ, ಅಲ್ಲಿ ಕರೆಂಟಿಗೆ ಎಂತ ಬರಗಾಲ? ಮತ್ತೆ ರಾತ್ರಿ ಅಲ್ಲ. ಮಧ್ಯಾಹ್ನ, ಫಸ್ಟ್ ಶಿಫ್ಟ್ ಬಿಟ್ಟ ಮೇಲೆ. ಆಗ ನಂಗೆ ಗಿರಾಕಿ ಇರ್ತಿರ್ಲಿಲ್ಲ.”

“ಹೋದ ಸಲ ಲಾಂದ್ರ ಅಂತಲೇ ಹೇಳಿದ್ರಲ್ಲ ಅಜ್ಜ?”

“ಚೆನ್ನಯ ಎದುರು ಕೂತಿದ್ದ. ಅಷ್ಟು ಚಂದ ಕಟ್ಟಿದ್ದಾನೆ. ಕಟ್ಟಿದವನ ಎದುರೇ ಕಥೆ ಬೇರೆ ಹೇಳ್ಲಿಕ್ಕೆ ಆಗ್ತದಾ? ನಮ್ಮ ಊರಲ್ಲಿ ಅದು ಮರ್ಯಾದೆ ಅಲ್ಲ. ಮತ್ತೆ ಅವನ ಕಥೆಯಲ್ಲಿ ನಾನು ದೇವರ ಹಾಗೆ ಕಾಣ್ತೇನೆ. ನಂಗೆಂತ ಲಾಸು?”

ನನಗೆ ಸ್ಲೇಟಿನಲ್ಲಿ ಬರೆಯಬೇಕೆನಿಸಿತು. ಬಳಪ ನೋಡಿದರೆ ಸುಮೇಧಾಳ ಚೀಲದಲ್ಲಿತ್ತು!

ಇಬ್ಬರು ಹೆಂಗಸರು ಬಂದು ಹೋಟೆಲಿನ ಮೆಟ್ಟಿಲ ಮೇಲೆ ಕೂರುತ್ತಿದ್ದರಂತೆ, ಸೀಮೆಸುಣ್ಣದಲ್ಲಿ ನೆಲದ ಮೇಲೆ ಏನೋ ಗೀಚುತ್ತಾ. ಒಬ್ಬಳು ಈರವ್ವ. ಇನ್ನೊಬ್ಬಳು ಮರಾಠಿಯವಳು, ಬಹಳ ಜೋರು. ರಾಯರೇ ಕರೆದು, ಮೂಟೆ ಒಂದು ಬದಿಗೆ ಸರಿಸಿ, ಮೇಲೆ ಜಾಗ ಕೊಟ್ಟರಂತೆ.

“ಏನು ಕಲೀತಿದ್ರು ಅಜ್ಜ ಅವರು?”

“ಅದು ನಂಗೆ ಗೊತ್ತಿಲ್ಲ. ನಾನು ಕೆಳಗೆ ಗಲ್ಲೆಯಲ್ಲಿ. ಮೇಲಿಂದ ಬೊಬ್ಬೆ ಕೇಳ್ತಿತ್ತು. ಮುಲುಂಡ್! ಭಿವಂಡಿ! ಬಸ್ ಕಂಡಕ್ಟರ್ ಕ್ಲಾಸಾ ಅಂತ ಗಿರಾಕಿಗಳು ಕೇಳ್ತಿದ್ರು.”

ರಾಯರಿಗೆ ವಯಸ್ಸಾಗಿದೆ. ಮರೆವು ಇರಬಹುದು. ಆದರೆ ಮುದ್ರಿಕೆ ಮಾತ್ರ ಬಹಳ ಚೆನ್ನಾಗಿ ಬಂದಿದೆ. ಸುಮೇಧಾಳ ಯಂತ್ರ ನನ್ನದಕ್ಕಿಂತ ಒಳ್ಳೆಯ ಕಂಪನಿಯದು.

ನವೆಂಬರ್ 13, ಗುರುವಾರ

ಸಂಜೆ ವಸಂತಿ ಬೀನ್ಸ್ ಬಿಡಿಸುತ್ತಾ ತಾನಾಗಿಯೇ ಮಾತಿಗೆ ತೊಡಗಿದಳು. ಮದುವೆಯಾಗಿ ಡೊಂಬಿವಲಿಯ ನಮ್ಮ ಮನೆಗೆ ಬಂದ ಹೊಸತರಲ್ಲಿ ಅವಳಿಗೆ ಹಗಲಲ್ಲಿ ಮಾತಾಡಲು ಯಾರೂ ಇರಲಿಲ್ಲವಂತೆ. ಪಕ್ಕದ ಮನೆಯ ಬಾಲ್ಕನಿಯಲ್ಲಿ ಗಿಳಿ ಇತ್ತಂತೆ. ಅದರ ಹತ್ತಿರ ತುಳುವಿನಲ್ಲಿ ಮಾತಾಡುತ್ತಿದ್ದಳಂತೆ. ಗಿಳಿ ತುಳು ಕಲಿಯಿತು. ಅದು ‘ಉಣಸಾಂಡಾ?’ ಎಂದು ಊಟದ ವಿಚಾರ ಕೇಳಿದರೆ, ಸಾಕಿದ ಜೋಶಿಯವರಿಗೆ ಅದಕ್ಕೆ ಕಾಯಿಲೆಯೇನೋ ಎಂದು ಭಯವಾಯಿತಂತೆ.

“ಸಂಜೆ ನೀವು ಬಂದ ಮೇಲೆ ನಿಮ್ಮದೇ ಕಥೆ” ಎಂದಳು. “ನನ್ನದು ಗಿಳಿ ಕೇಳ್ತಿತ್ತು.”

ಇದನ್ನು ಇಷ್ಟು ವರ್ಷ ಹೇಳಿಯೇ ಇರಲಿಲ್ಲ. ಈಗ ಯಾಕೆ ನೆನಪಾಯಿತೋ. ಆ ಗಿಳಿ ಆಮೇಲೆ ಏನಾಯಿತು ಎಂದು ಸ್ಲೇಟಿನಲ್ಲಿ ಬರೆದು ಕೇಳಿದೆ. ಅದಕ್ಕೆ ಇನ್ನೊಂದು ದೊಡ್ಡ ಕಥೆ ಬಂತು. ಬೀನ್ಸ್ ಅಲ್ಲೇ ಉಳಿಯಿತು.

ನವೆಂಬರ್ 19, ಬುಧವಾರ

ಬದಲಾಪುರಕ್ಕೆ ಹೋಗಿ ಬಂದೆವು. ಈರವ್ವ ಈಗ ಮಗನ ಮನೆಯಲ್ಲಿದ್ದಾಳೆ. ಗಂಡ ಶಂಕರೆಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಬಾಗಿಲು ತೆರೆದವಳು ಸೊಸೆ ವೈಶಾಲಿ. ಈರವ್ವ ನನ್ನ ಸ್ಲೇಟು ನೋಡಿ, ಸುಮೇಧಾಳಿಂದ ಸಂಗತಿ ಕೇಳಿ, ಕೈ ತಟ್ಟಿ ನಕ್ಕಳು.

“ಅಣ್ಣಾರ ಬಾಯಿಗೆ ಕೀಲಿ ಬಿತ್ತೇನ? ಹಂಗಾರ ಇವತ್ತ ನನ್ನ ಮಾತು ನಡೀತೈತಿ!”

ಸುಮೇಧಾ ಫೋಟೋ ಅವಳ ಕೈಗೆ ಕೊಟ್ಟಳು. ಕತ್ತರಿಸದ ಫೋಟೋ. ಈರವ್ವ ಕನ್ನಡಕ ಏರಿಸಿ, ಇಳಿಸಿ, ಬೆರಳಿನಿಂದ ಒಬ್ಬೊಬ್ಬರನ್ನೇ ಮುಟ್ಟಿದಳು. ಆಮೇಲೆ ಬೆರಳು ಹಲಗೆಯ ಹತ್ತಿರ ಹೋಗಿ ‘ಭಿವಂಡಿ’ ಎಂದಿದ್ದಲ್ಲಿ ನಿಂತಿತು. ನಾನು ಹೂಂ ಎನ್ನುವಂತಿರಲಿಲ್ಲ.

“ಈ ಊರಿಗೆ ನಾ ತಪ್ಪಿಸಿಕೊಂಡ ಹೋಗಿದ್ನಿ” ಎಂದಳು.

ಅಲ್ಲಿಂದ ಅವಳು ಹೇಳಿದ್ದನ್ನು ಆದಷ್ಟು ಅವಳದೇ ಮಾತಿನಲ್ಲಿ ಬರೆದಿಡುತ್ತೇನೆ.

“ಕೂಸಿಗೆ ಜ್ವರ ಬಂದಿತ್ರಿ. ಇವರು ಡ್ಯೂಟಿಗೆ ಹೋಗಿದ್ರು. ಠಾಣೆಕ್ಕ ದವಾಖಾನಿಗೆ ಹೋಗಬೇಕು. ಬಸ್ ಬಂತು. ಬೋರ್ಡ್ ನೋಡಿದ್ನಿ. ಆ ಅಕ್ಷರ ನನಗ ಹೆಂಗ ಕಂಡ್ವು ಅಂದ್ರ, ಹಗ್ಗಕ್ಕ ಅರಿವಿ ಒಣಗಾಕ ಹಾಕಿರ್ತಾರಲ್ಲ, ಹಂಗ. ಮಂದಿ ಹತ್ತಿದ್ರು, ನಾನೂ ಹತ್ತಿದ್ನಿ. ಇಳದ ನೋಡಿದ್ರ ಭಿವಂಡಿ! ಯಾರನ್ನ ಕೇಳ್ಲಿ? ನನ್ನ ಮಾತು ಅವರಿಗೆ ತಿಳೀವಲ್ದು, ಅವರ ಮಾತು ನನಗ ತಿಳೀವಲ್ದು. ಬಗಲಾಗ ಕೂಸು ಕೆಂಡಧಂಗ ಸುಡತೈತಿ.”

ಇಲ್ಲಿ ಅವಳು ನಿಲ್ಲಿಸಿದಳು. ಫೋಟೋವನ್ನು ಸೆರಗಿನಿಂದ ಒರೆಸಿದಳು. ಮತ್ತೆ ಹೇಳಿದಳು: “ಕೂಸು ಉಳೀತ್ರಿ. ಈಗ ಆಫೀಸಿಗೆ ಹೋಗ್ಯಾನ. ಈಕಿ ಗಂಡ.”

ಬಾಗಿಲಲ್ಲಿ ನಿಂತಿದ್ದ ವೈಶಾಲಿ, “ಆಯೀ, ಹೇ ಕಧೀ ಸಾಂಗಿತ್ಲಂಚ್ ನಾಹೀ!” ಎಂದಳು, ಇದನ್ನು ಯಾವತ್ತೂ ಹೇಳಲೇ ಇಲ್ಲವಲ್ಲ ಅಂತ.

“ಯಾರು ಕೇಳಿದ್ರಿ ಹೇಳಾಕ?” ಎಂದಳು ಈರವ್ವ.

“ಮರುದಿನ ಪ್ಯಾಕಿಂಗ್ ಕೆಲಸಕ್ಕ ಹೋದ್ನಿ. ನನ್ನ ಜೋಡಿ ಶೇವಂತಾ ಅಂತ ಇದ್ಲು, ಮರಾಠಿ ಮಂದಿ. ಆಕಿಗೆ ಕೈಸನ್ನಿ ಮಾಡಿ ಹೇಳಿದ್ನಿ, ನನಗ ಬಸ್ಸಿನ ಬೋರ್ಡ್ ಓದಾಕ ಕಲಸು. ಆಕಿ ಶಿಫ್ಟ್ ಬಿಟ್ಟ ಮ್ಯಾಲೆ ಹೋಟೆಲ್ ಮೆ‌ಟ್ಟಿಲದ ಮ್ಯಾಲ ಕುಂತು ಕಲಿಸಿದ್ಲು. ಅ ಆ ಅಲ್ರಿ. ಠಾಣೆ, ಮುಲುಂಡ, ಭಿವಂಡಿ. ಎಲ್ಲಿ ಹೋಗಬೇಕು, ಎಲ್ಲಿ ಹೋಗಬಾರದು. ನೋಡ್ತ ನೋಡ್ತ ಬ್ಯಾರೆ ಹೆಣ್ಮಕ್ಕಳೂ ಬಂದ್ರು. ಆವಾಗ ನಾ ಹೋಗಿ ಹೋಟೆಲ್ ಶೇಠರನ್ನ ಕೈಮುಗದು ಕೇಳಿದ್ನಿ, ಮ್ಯಾಲ ಜಾಗಾ ಕೊಡ್ರಿ ಅಂತ. ಬಟಾಟಿ ಚೀಲ ಸರಿಸಿ ಕುಂತ್ವಿ. ಕೆಲವು ಬಟಾಟಿ ಮೊಳಕಿ ಬಂದಿದ್ವು.”

ಕನ್ನಡ ಎಲ್ಲಿಂದ ಬಂತು ಎಂದು ಸುಮೇಧಾ ಕೇಳಿದಳು.

“ಕನ್ನಡ ಆಮ್ಯಾಲೆ. ಅದರದ್ದೂ ಒಂದ ಮಜಾ ಐತಿ. ನನಗ ಬಾಳಬೋಧ ಅಕ್ಷರ ಬಂತಲ್ಲ, ಅದರಾಗ ಕನ್ನಡ ಮಾತು ಬರದು ನಮ್ಮವ್ವಗ ಕಾಗದ ಹಾಕಿದ್ನಿ. ಊರಾಗ ಯಾರಿಗೂ ಓದಾಕ ಬರವಲ್ದು. ಕಡೀಗೆ ಗುಡಿ ಆಚಾರ್ರ ಹಂತ್ಯಾಕ ಒಯ್ದಾರ. ಅವರು ಅದ ಅಕ್ಷರದಾಗ ಮಂತ್ರಾ ಓದಾವ್ರು. ಕೈಕಾಲ ತೊಳಕೊಂಡು, ರಾಗಾ ಎಳದು ಓದಿದ್ರಂತ: ‘ಅವ್ವಾ ನಾ ಆರಾಮ ಅದೀನಿ, ಗುರೆಳ್ಳ ಚಟ್ನಿ ಕಳಸು.’ ನಮ್ಮವ್ವ ಕೈಮುಗದು ನಿಂತಿದ್ಲಂತ!”

ಸುಮೇಧಾ ನಕ್ಕಳು, ವೈಶಾಲಿ ನಕ್ಕಳು. ನಾನು ನಗಬಾರದೆಂದು ಬಾಯಿಗೆ ಕರವಸ್ತ್ರ ಹಿಡಿದೆ.

“ಮುಂದಿನ ಟಪಾಲಿಗೆ ನಮ್ಮವ್ವ ಹೇಳಿ ಕಳಿಸಿದ್ಲು, ಪ್ರತಿ ಸಲ ಆಚಾರ್ರಿಗೆ ದಕ್ಷಿಣಿ ಕೊಡಾಕ ಆಗೂದಿಲ್ಲ, ನಮ್ಮ ಅಕ್ಷರದಾಗ ಬರಿ ಅಂತ. ಆವಾಗ ನಮ್ಮ ಮನಿಯವರು, ಶಂಕರೆಪ್ಪ, ಅದ ಹಲಗಿ ಮ್ಯಾಲ ಕನ್ನಡ ಹಾಕಿಕೊಟ್ರು. ಅವರ ಹೆಸರು ನಿಮ್ಮ ಕಥಿಯೊಳಗ ಇಲ್ರಿ ಅಣ್ಣಾರ. ಇರಲಿ. ನಿಮ್ಮದೂ ಚಂದ ಐತಿ.”

ಮರಳುವ ರೈಲಿನಲ್ಲಿ ಕಲ್ಯಾಣದವರೆಗೂ ಸುಮೇಧಾ ಕಿಟಕಿ ನೋಡುತ್ತಾ ಕೂತಿದ್ದಳು. ಇಳಿಯುವಾಗ, “ಸರ್, ಆ ನೆಗೆಟಿವ್ ನಮ್ಮ ಹತ್ತಿರ ಎರಡು ವರ್ಷದಿಂದ ಇದೆ. ಅದಕ್ಕೆ ಇವತ್ತು ಬಾಯಿ ಬಂತು” ಎಂದಳು.

ನವೆಂಬರ್ 20, ಗುರುವಾರ

ಬರೆಯುವಂಥದ್ದೇನೂ ಇಲ್ಲ. ಲಾಂದ್ರ ನಮ್ಮ ಅಜ್ಜಿಯ ಒಂದು ಕಥೆಯಲ್ಲಿತ್ತು. ಒಳ್ಳೆಯ ಲಾಂದ್ರ.

ನವೆಂಬರ್ 27, ಗುರುವಾರ

ಶೇವಂತಾಬಾಯಿ ಸಿಕ್ಕಿದರು! ಸುಮೇಧಾ ಕಳವಾದಲ್ಲಿ ಮನೆಮನೆ ಕೇಳಿ ಹುಡುಕಿದ್ದಾಳೆ. ನಾಲ್ಕನೆಯ ಮಹಡಿ, ಲಿಫ್ಟಿಲ್ಲ. ಹಲ್ಲಿಲ್ಲದ ಅಜ್ಜಿ, ದನಿ ಮಾತ್ರ ಶಿಫ್ಟಿಗೆ ಕೂಗುವ ಫ್ಯಾಕ್ಟರಿ ಭೋಂಗಾ.

ಮಾಳಿಗೆಯನ್ನು ರಾಯರೇ ಕರೆದು ಕೊಟ್ಟರಂತೆ, ಈರವ್ವ ಕೈಮುಗಿದು ಕೇಳಿದಳಂತೆ ಎಂದು ಸುಮೇಧಾ ಮರಾಠಿಯಲ್ಲಿ ಹೇಳಿದ್ದೇ ತಡ, ಅಜ್ಜಿ ಎದ್ದು ಕೂತರು. “ಕೋಣ್ ಮ್ಹಣತಂ ದಿಲೀ? ಆಮ್ಹೀ ಘೇತಲೀ!” ಯಾರು ಕೊಟ್ಟರು ಅನ್ನುತ್ತಾರೆ, ನಾವೇ ತೆಗೆದುಕೊಂಡೆವು. ರಾಯರು ಊರಿಗೆ ಹೋಗಿದ್ದಾಗ ಹೆಂಗಸರೆಲ್ಲ ಸೇರಿ ಬಟಾಟೆ ಮೂಟೆಗಳನ್ನು ಮೆಟ್ಟಿಲ ಕೆಳಗೆ ಉರುಳಿಸಿ ಕೂತರಂತೆ. ರಾಯರು ಬಂದು ನೋಡಿದಾಗ ತರಗತಿ ನಡೆಯುತ್ತಿತ್ತಂತೆ, ಬೈಯಲು ನಾಚಿಕೆಯಾಗಿ ಚಹಾ ಕಳಿಸಿದರಂತೆ. ಈರವ್ವ ಕೈಮುಗಿದದ್ದು ಸುಳ್ಳೇ ಸುಳ್ಳು, ಮೊದಲ ಮೂಟೆ ಎತ್ತಿದವಳೇ ಅವಳಂತೆ.

ಕೆಳಗೆ ಬಂದು ನಾನು ಸ್ಲೇಟಿನಲ್ಲಿ ಬರೆದೆ: ‘ಮೂರು ಜನ, ಮೂರು ಥರ. ನಿನ್ನ ಸಂಶೋಧನೆ ಕೆಟ್ಟಿತು.’

“ಈಗ ಸುರುವಾಯ್ತು ಸರ್” ಎಂದಳು. ಆಮೇಲೆ ಕಳವಾ ಸ್ಟೇಷನ್ನಿನವರೆಗೂ ವಿವರಿಸಿದಳು. ಐವರು ಲಾಂದ್ರ ಹೇಳಿದರು, ಆದರೆ ಆ ಲಾಂದ್ರ ಒಂದೇ ಬಾಯಿಯಿಂದ ಹೊರಟದ್ದು. ಮೂಟೆಯ ವಿಷಯದಲ್ಲಿ ಮೂವರೂ ಜಗಳವಾಡುತ್ತಾರೆ, ಯಾರೂ ಅವರಿಗೆ ಮೂಟೆಯನ್ನು ಹೇಳಿಕೊಟ್ಟಿಲ್ಲ, ಫೋಟೋದಲ್ಲೂ ಮೂಟೆ ಇದೆ. ಅಂದರೆ ಮೂಟೆ ಇತ್ತು, ಮಧ್ಯಾಹ್ನವಿತ್ತು, ಬಸ್ಸಿನ ಬೋರ್ಡಿತ್ತು. ಇನ್ನು ಮೂಟೆ ಸರಿಸಿದವರು ಯಾರು? “ಕೊಟ್ಟೆ ಅಂತ ಅಜ್ಜನಿಗೆ ನೆನಪು, ಕೇಳಿದೆ ಅಂತ ಈರವ್ವನಿಗೆ, ತಗೊಂಡ್ವಿ ಅಂತ ಇವರಿಗೆ. ಐವತ್ತು ವರ್ಷ ಯಾರ್ಯಾರು ಏನನ್ನು ಎದೆಯಲ್ಲಿಟ್ಟುಕೊಂಡು ಬದುಕಿದ್ರು ಅನ್ನೋದು ಅದರಲ್ಲೇ ಇದೆ. ಅದು ಯಾವ ಕಪಾಟಿನಲ್ಲಿ ಸಿಗುತ್ತೆ ಸರ್?”

ಹುಡುಗಿ ಜಾಣೆ. ಸ್ವಲ್ಪ ತಾಲೀಮು ಕೊಟ್ಟರೆ ಒಳ್ಳೆಯ ಕಥೆಗಾರ್ತಿಯಾಗುತ್ತಾಳೆ.

ಡಿಸೆಂಬರ್ 2, ಮಂಗಳವಾರ

ಗಂಟು ಕರಗಿದೆ. ಮೆಲ್ಲಗೆ ಮಾತಾಡಬಹುದು ಎಂದರು ಡಾಕ್ಟರು. ಮೊದಲ ಮಾತು ಏನಾಡುತ್ತೀರಿ ಎಂದು ವಸಂತಿ ಕಾದು ಕೂತಿದ್ದಳು. “ಆ ಗಿಳಿಯದ್ದು ಪೂರ್ತಿ ಹೇಳಲಿಲ್ಲ ನೀನು” ಎಂದೆ. ಅವಳು ಯಾಕೋ ಬಹಳ ಹೊತ್ತು ನನ್ನನ್ನೇ ನೋಡಿದಳು.

ಸಂಜೆ ಮಂಡಳಿಯ ಕಾರ್ಯದರ್ಶಿ ಕುಶಲ ಬಂದ. ಹೊಸ ಮುದ್ರಿಕೆಗಳ ಸುದ್ದಿ ಅವನ ಕಿವಿಗೂ ಬಿದ್ದಿದೆ.

“ಚೆನ್ನಯಣ್ಣ, ಬೆಂಗಳೂರಿಂದ ದೊಡ್ಡ ಅತಿಥಿ ಬರ್ತಾರೆ. ನಮ್ಮ ಮಂಡಳಿ ಹಾಲ್‌ನ ಮಾಡು ಮಳೆಗೆ ಸೋರ್ತಾ ಉಂಟು, ಅದಕ್ಕೆ ಅವರ ಸಹಾಯ ಬೇಕು. ಅವರಿಗೆ ಕನ್ನಡದ ದೀಪ ಅಂತ ಹೇಳಿ ಕರೆದಿದ್ದೇನೆ. ನೀವು ಎದ್ದು ನಿಂತು, ಈ ಮಂಡಳಿ ಮರಾಠಿ ಕಲೀಲಿಕ್ಕೆ ಸುರುವಾದದ್ದು ಅಂದ್ರೆ ಎಂತ ಅವಸ್ಥೆ?”

“ಕಲಿಸಿದವಳೂ ಮರಾಠಿಯವಳು” ಎಂದೆ.

“ಅಯ್ಯೋ, ಅದು ಬೇರೆಯಾ! ಅಣ್ಣ, ಕೈ ಮುಗೀತೇನೆ. ನಿಮ್ಮ ಲಾಂದ್ರವೇ ಇರಲಿ. ಜನರೂ ಅದನ್ನೇ ಕೇಳ್ಲಿಕ್ಕೆ ಬರೋದು.”

ಅದು ಸುಳ್ಳಲ್ಲ. ಜನ ಅದನ್ನೇ ಕೇಳಲು ಬರುತ್ತಾರೆ. ಯೋಚಿಸುತ್ತೇನೆ ಎಂದೆ. ನಾನು ‘ಯೋಚಿಸುತ್ತೇನೆ’ ಎಂದದ್ದು ಕೇಳಿ ಕುಶಲನಿಗೆ ಇನ್ನೂ ಗಾಬರಿಯಾಯಿತು.

ಡಿಸೆಂಬರ್ 14, ಭಾನುವಾರ

ಅಡುಗೆಮನೆಯಲ್ಲಿ ವಸಂತಿಯ ಎದುರು ತಾಲೀಮು ಮಾಡಿದೆ. ಲಾಂದ್ರದ ಕಥೆ ಸಲೀಸಾಗಿ ಬಂತು. ‘ಕರುಳು ಕರಗಿತು’ ಎಂಬಲ್ಲಿ ನನಗೇ ಈರವ್ವನ ಬಗಲಿನ ಕೂಸು ನೆನಪಾಗಿ ಮುಂದಿನ ಮಾತು ತಪ್ಪಿತು. ಹೊಸದನ್ನೇ ಹೇಳೋಣವೆಂದು ಹೊರಟರೆ, ಮಾಳಿಗೆಯ ಬಾಗಿಲ ಹತ್ತಿರ ಬಂದು ನಿಂತುಬಿಟ್ಟೆ. ರಾಯರು ಕೊಟ್ಟರು ಅನ್ನಲೇ, ಈರವ್ವ ಕೇಳಿದಳು ಅನ್ನಲೇ, ಶೇವಂತಾಬಾಯಿ ತೆಗೆದುಕೊಂಡರು ಅನ್ನಲೇ? ಯಾವುದನ್ನು ಅಂದರೂ ಇಬ್ಬರು ಸಿಟ್ಟಾಗುತ್ತಾರೆ. ಮೊದಲಾಗಿದ್ದರೆ ಮೂರನ್ನೂ ಹಿಂಡಿ ಒಂದು ಮಾಡಿಬಿಡುತ್ತಿದ್ದೆ.

ಪರವಾಗಿಲ್ಲ. ವೇದಿಕೆ ಹತ್ತಿದ ಮೇಲೆ ಬಾಯಿ ತಾನೇ ದಾರಿ ಹುಡುಕುತ್ತದೆ. ನನಗೆ ಯಾವತ್ತೂ ಹಾಗೆಯೇ.

ಮೂವರನ್ನೂ ಕರೆತರಲು ಸುಮೇಧಾಳಿಗೆ ಹೇಳಿದ್ದೇನೆ.

ಡಿಸೆಂಬರ್ 21, ಭಾನುವಾರ

ಮಂಡಳಿಯ ಹಾಲ್ ತುಂಬಿತ್ತು. ಸದಸ್ಯರ ಮೊಮ್ಮಕ್ಕಳ ಪಡೆ ಎಂದಿನಂತೆ ಹಿಂದಿನ ಗೋಡೆಗೆ ಒರಗಿ ಮೊಬೈಲು ನೋಡುತ್ತಿತ್ತು. ನನ್ನ ಹೆಸರು ಕರೆದಾಗ ಮುಂದಿನ ಸಾಲಿನವರು “ಲಾಂದ್ರ! ಲಾಂದ್ರ!” ಎಂದರು. ಗಂಟಲು ಹಗುರವಾಗಿತ್ತು. ಹೇಳಿದ್ದರೆ ಬಹಳ ಚೆನ್ನಾಗಿ ಬರುತ್ತಿತ್ತು.

ಮೈಕ್ ಹಿಡಿದು ನಿಂತೆ. ಮುಂದಿನ ಸಾಲಿನಲ್ಲಿ ಈರವ್ವ ಇಳಕಲ್ ಸೀರೆ ಉಟ್ಟು ಕೂತಿದ್ದಳು. ಕೇಳಲು ಬಂದವಳ ಹಾಗೆ, ಕೈ ಮಡಿಲಲ್ಲಿಟ್ಟುಕೊಂಡು. ನನಗೆ ಮಳೆಯೂ ಬರಲಿಲ್ಲ, ಬೀದಿದೀಪವೂ ಬರಲಿಲ್ಲ. “ಈರವ್ವ, ಅವತ್ತು ಕೂಸಿಗೆ ಜ್ವರ ಬಂದಾಗ ಬಸ್ಸು ಎಲ್ಲಿಗೆ ಹೋಯಿತು?” ಎಂದು ಕೇಳಿದೆ. ಕೆಳಗಿಳಿದು ಹೋಗಿ ಮೈಕನ್ನು ಅವಳ ಕೈಗೆ ಕೊಟ್ಟು, ಪಕ್ಕದ ನೆಲದ ಮೇಲೆ ಕೂತೆ.

ಮೊದಲು ನಾಚಿದಳು. ಆಮೇಲೆ ಇಡೀ ಸಭೆ ಅವಳದ್ದಾಯಿತು. ಭಿವಂಡಿಯಲ್ಲಿ ಬಸ್ಸಿಳಿದಾಗ ಲಾಂದ್ರ ಎಂದು ಕೂಗಿದವರೂ ಮುಂದಕ್ಕೆ ಬಗ್ಗಿ ಕೂತರು. ಕೂಸು ಉಳಿಯಿತು ಎಂದು, ಹಿಂದೆ ನಿಂತಿದ್ದ ಮಗನ ಕಡೆ ಬೆರಳು ತೋರಿಸಿದಾಗ ಆ ದೊಡ್ಡ ಗಂಡಸು ತಲೆ ತಗ್ಗಿಸಿ ನಿಂತ. ಆಚಾರ್ಯರು ಗುರೆಳ್ಳು ಚಟ್ನಿಯ ಮಂತ್ರ ಓದಿದಾಗ ಬೆಂಗಳೂರಿನ ಅತಿಥಿಗಳು ಮೊಣಕಾಲು ತಟ್ಟಿಕೊಂಡು ನಕ್ಕರು. “ಹಲಗಿ ಮ್ಯಾಲ ಮೊದಲ ಕನ್ನಡ ಹಾಕಿದವರು ನಮ್ಮ ಮನಿಯವರು, ಶಂಕರೆಪ್ಪ” ಎಂದು ಹೆಸರು ಹೇಳಿ, ಸೆರಗು ಸರಿಮಾಡಿಕೊಂಡಳು. ನಾನು ನೋಡಿದೆ, ಸುಮೇಧಾಳ ಯಂತ್ರದ ಕೆಂಪು ದೀಪ ಉರಿಯುತ್ತಿತ್ತು.

ಆಮೇಲೆ ಅವಳು, “ನಾ ಶೇಠರನ್ನ ಕೈಮುಗದು ಕೇಳಿದ್ನಿ” ಎಂದಳು, ನೋಡಿ.

“ಕೇಳಿದ್ದೆಲ್ಲಿ? ನಾನಾಗಿಯೇ ಕೊಟ್ಟದ್ದು!” ಗಾಲಿಕುರ್ಚಿಯಿಂದ ರಮಾಕಾಂತರಾಯರು ಕೋಲೆತ್ತಿದರು.

“ಖೋಟಂ! ದೋಘೇಹೀ ಖೋಟಂ ಬೋಲ್ತಾಯತ್!” ಇಬ್ಬರೂ ಸುಳ್ಳು ಹೇಳುತ್ತಿದ್ದಾರೆ ಎಂದು ಶೇವಂತಾಬಾಯಿ ಮಧ್ಯದ ಸಾಲಿನಲ್ಲಿ ಎದ್ದು ನಿಂತರು. ಅವರಿಗೆ ಮೈಕ್ ಬೇಕಾಗಿರಲಿಲ್ಲ. ಮರಾಠಿ ಕೇಳಿದ್ದೇ ಹಿಂದಿನ ಮೊಮ್ಮಕ್ಕಳು ಮೊಬೈಲಿನಿಂದ ತಲೆ ಎತ್ತಿದರು. ಒಬ್ಬ ಹುಡುಗಿ ಕುರ್ಚಿಯ ಮೇಲೆ ಹತ್ತಿ, “ಆಜೀ, ಜೋರಾತ್!” ಎಂದು ಕೂಗಿದಳು. ರಾಯರು ಉಡುಪಿಯ ಮರಾಠಿಯಲ್ಲಿ ಉತ್ತರ ಕೊಟ್ಟರು. ಈರವ್ವ ಎರಡೂ ಭಾಷೆಯಲ್ಲಿ ಇಬ್ಬರನ್ನೂ ಬೈದಳು.

ಕುಶಲ ಬೆವರುತ್ತಾ ಬಂದು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತ. “ಅಣ್ಣ, ಕೈ ಮೀರಿ ಹೋಯ್ತು. ನೀವು ಮೈಕ್ ತಗೊಳ್ಳಿ. ಎರಡು ಮಾತಲ್ಲಿ ಮುಗಿಸಿ. ನಿಮ್ಮಿಂದ ಮಾತ್ರ ಆಗ್ತದೆ.”

ಅತಿಥಿಗಳನ್ನು ನೋಡಿದೆ. ಅವರು ತಮ್ಮ ಕುರ್ಚಿಯನ್ನು ವೇದಿಕೆಯ ತುದಿಗೆ ಎಳೆದುಕೊಂಡು, ಕೆನ್ನೆಗೆ ಕೈಯಿಟ್ಟು ಕೂತಿದ್ದರು.

“ಕುಶಲ, ಒಂದು ಮೈಕ್ ಸಾಕಾಗುವುದಿಲ್ಲ” ಎಂದೆ. “ಓಡು, ಇನ್ನೆರಡು ತಾ.”

ತಂದ. ರಾಯರಿಗೊಂದು, ಶೇವಂತಾಬಾಯಿಗೊಂದು ಕೊಟ್ಟು ಬಂದೆ. ಬಾಡಿಗೆಯ ಅವಧಿ ಮುಗಿಯಿತೆಂದು ಮೈಕಿನವನು ತಂತಿ ಕೀಳಲು ಬರುವವರೆಗೂ ನಡೆಯಿತು. ನನ್ನ ಕಥೆಗೆ ಹೊತ್ತು ಉಳಿಯಲಿಲ್ಲ.